ಕಡೆಯ ಸಾಲು ಮೊದಲು

ಮೊನ್ನೆ ಸಂಜೆ ಸೊಸೆ ರಾಗಿ ರೊಟ್ಟಿ ತಟ್ಟುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಿಗೆ ಕುರ್ಚಿ ಎಳೆದುಕೊಂಡು, ಕಾವಲಿಯ ಮೇಲಿನ ಈರುಳ್ಳಿ, ಸಬ್ಬಸಿಗೆ ಸೊಪ್ಪಿನ ವಾಸನೆಗೆ ಮೂಗೊಡ್ಡಿ ಕೂತಿದ್ದೆ. ಈ ವಯಸ್ಸಿನಲ್ಲಿ ಹಲ್ಲಿಗಿಂತ ಮೂಗೇ ಹೆಚ್ಚು ಊಟ ಮಾಡುತ್ತದೆ. ಕಿಟಕಿಯ ಕಟ್ಟೆಯ ಮೇಲಿದ್ದ ಅವಳ ಫೋನು ಒಮ್ಮೆ ನಡುಗಿತು. ಹಿಂದೆಯೇ ಮತ್ತೆ ಮತ್ತೆ ನಡುಗಿತು.

"ಮಾವ, ಪಾಪು ಶಾಲೆ ಗ್ರೂಪು ಅನ್ಸುತ್ತೆ. ಏನೋ ಅಪ್‌ಡೇಟ್ ಹಾಕಿರ್ತಾರೆ. ಎಲ್ಲಾರೂ ಹೆಬ್ಬೆಟ್ಟು ಒತ್ತಿದಾರಾ ನೋಡಿ."

ನೋಡಿದೆ. ಶಾಲೆಗಳಿಗೆ ನಗರಸಭೆಯ ಸೂಚನೆ ಎಂದು ಮೇಲೆ ಬರೆದಿತ್ತು. ಅದರ ಕೆಳಗೆ ಮಾರುದ್ದದ ಬರಹ. ಅದರ ಕೆಳಗೆ ಒಂದರ ಬೆನ್ನಿಗೊಂದು ಹಳದಿ ಹೆಬ್ಬೆಟ್ಟು.

"ಒತ್ತಿದಾರಮ್ಮ."

"ಹಂಗಾದ್ರೆ ನಂದೂ ನೀವೇ ಒತ್ತಿಬಿಡಿ. ನನ್ನ ಕೈಯೆಲ್ಲ ಹಿಟ್ಟು."

ನನ್ನ ಬೆರಳು ಗಾಜಿನ ಹತ್ತಿರದವರೆಗೂ ಹೋಯಿತು. ಅಲ್ಲೇ ನಿಂತುಬಿಟ್ಟಿತು. ಕೈ ನಡುಗುವ ಕಾಯಿಲೆ ನನಗಿಲ್ಲ. ಅಕ್ಷರ ಈಗಲೂ ಮುತ್ತಿನ ಹಾಗೆ ಬರೆಯುತ್ತೇನೆ. ನಿಂತದ್ದು ಬೇರೆ ಕಾರಣಕ್ಕೆ. ಇನ್ನೊಬ್ಬರ ಪರವಾಗಿ, ಓದದೆ, "ನೋಡಿದ್ದೇನೆ" ಎಂದು ಗುರುತು ಹಾಕುವ ಕೆಲಸವನ್ನು ನಾನು ಹಿಂದೊಂದು ಕಾಲದಲ್ಲಿ ಮಾಡಿದ್ದೆ. ರೊಟ್ಟಿ ಬೇಯುವಷ್ಟು ಹೊತ್ತು ನೀವು ನನ್ನ ಜೊತೆ ಕೂತರೆ ಹೇಳುತ್ತೇನೆ. ಒಲೆ ಸಣ್ಣಗಿದೆ, ಅವಸರವಿಲ್ಲ.

ನಾನು ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲು ಮುಗಿಸಿ, ಅದೇ ದೊಡ್ಡ ವಿದ್ಯೆಯೆಂದು ಬೀಗುತ್ತ, ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಗೆ ಮೇಷ್ಟ್ರಾಗಿ ಹೋದವನು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಕೆಲಸ ಹಂಗಾಮಿ, ಮೀಸೆಯೂ ಹೆಚ್ಚುಕಡಿಮೆ ಹಂಗಾಮಿಯೇ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರ ಮಕ್ಕಳು, ಮೊಮ್ಮಕ್ಕಳು ಸಂತೆಯಲ್ಲಿ ಸಿಕ್ಕರೆ ಈಗಲೂ ನಮಸ್ಕಾರ ಮಾಡುತ್ತಾರೆ. ಆ ಊರಿನ ಮುಂದೆ ಒಂದು ಕೆರೆ. ಕೆರೆಯ ಏರಿಯ ಮೇಲೆ ನಡೆದು ಆಚೆ ದಡಕ್ಕೆ ಹೋದರೆ ಇನ್ನೊಂದು ಹಳ್ಳಿ. ಅಲ್ಲಿಯೂ ಒಬ್ಬರೇ ಮೇಷ್ಟ್ರು: ನಂಜುಂಡಪ್ಪನವರು. ನನ್ನ ತಂದೆಯ ವಯಸ್ಸಿನವರು. ತಲೆಗೆ ರುಮಾಲು, ಮಡಿಲಲ್ಲಿ ನಸ್ಯದ ಡಬ್ಬಿ.

ಆಗ ಮೇಲಿನವರ ಆದೇಶಗಳು ಶಾಲೆಗೆ ಬರುತ್ತಿದ್ದ ರೀತಿಯೇ ಬೇರೆ. ಚಿಕ್ಕ ರೈಲಿನಲ್ಲಿ ಟಪಾಲು ಶಿಡ್ಲಘಟ್ಟಕ್ಕೆ ಬರುತ್ತಿತ್ತು. ಆ ರೈಲು ಎಷ್ಟು ನಿಧಾನವೆಂದರೆ ಜನ ಇಳಿದು, ಹೊಲದಲ್ಲಿ ಕಡಲೆಗಿಡ ಕಿತ್ತುಕೊಂಡು, ಮತ್ತೆ ಹತ್ತುತ್ತಿದ್ದರು. ಅಲ್ಲಿ ಶಾಲೆಗಳನ್ನು ನೋಡಿಕೊಳ್ಳುವ ರೇಂಜ್ ಆಫೀಸಿನಲ್ಲಿ ಸುತ್ತೋಲೆಯನ್ನು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಯುತ್ತಿದ್ದರು. ಕಾಗದದ ಬರ ಇದ್ದದ್ದರಿಂದ ಒಂದು ಸಾಲಿನ ಹಳ್ಳಿಗಳಿಗೆಲ್ಲ ಸೇರಿ ಒಂದೇ ಪ್ರತಿ. ಅದರ ಜೊತೆಗೆ ಗುಂಡುಸೂಜಿಯಲ್ಲಿ ಚುಚ್ಚಿದ ಒಂದು ಚೀಟಿ, ಅದರಲ್ಲಿ ಶಾಲೆಗಳ ಹೆಸರು. ಒಬ್ಬ ಮೇಷ್ಟ್ರು ಓದಿ, "ಓದಿದೆ" ಎಂದು ಸಹಿ ಮಾಡಿ, ಮುಂದಿನ ಶಾಲೆಗೆ ತಾನೇ ಒಯ್ದು ಕೊಡಬೇಕು. ಹೀಗೆ ಅದು ಬದು, ಹಳ್ಳ, ಗುಂಡುತೋಪು ಸುತ್ತಿ ಕಡೆಗೆ ಆಫೀಸಿಗೆ ಮರಳಬೇಕು. ನಮ್ಮ ಸಾಲಿನಲ್ಲಿ ಕೊನೆಯಲ್ಲಿದ್ದದ್ದು ನಂಜುಂಡಪ್ಪನವರ ಶಾಲೆ. ಅದಕ್ಕೆ ಮುಂಚಿನದು ನನ್ನದು.

ಆ ಸುತ್ತೋಲೆಗಳಲ್ಲಿ ಏನಿರುತ್ತಿತ್ತು ಅನ್ನುತ್ತೀರಾ? ಸೀಮೆಸುಣ್ಣವನ್ನು ಮಿತವಾಗಿ ಬಳಸತಕ್ಕದ್ದು. ವನಮಹೋತ್ಸವದ ಸಸಿಗಳ ಆರೋಗ್ಯ ತಿಳಿಸತಕ್ಕದ್ದು. ಆ ಸಸಿಗಳನ್ನು ಮೇಕೆ ತಿಂದು, ಆ ಮೇಕೆಯನ್ನು ಊರಿನವರು ತಿಂದು ಆಗಿರುತ್ತಿತ್ತು. ಪರದೇಶದ ಹಾಲಿನ ಪುಡಿಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಗಂಟಿಲ್ಲದಂತೆ ಕಲಸತಕ್ಕದ್ದು. ಮಕ್ಕಳೋ ಪುಡಿಯನ್ನು ಅಂಗೈಯಲ್ಲಿ ಹಾಕಿಕೊಂಡು ನೀರು ಸೋಕಿಸದೆ ನೆಕ್ಕಿ, ಬಿಳಿ ಮೀಸೆಯಲ್ಲಿ ಮನೆಗೆ ಹೋಗುತ್ತಿದ್ದವು. ಒಂದು ಸಲ, ಮಳೆಗಾಲದಲ್ಲಿ ಮಕ್ಕಳು ತುಂಬಿದ ಹಳ್ಳ ದಾಟದಂತೆ ಎಚ್ಚರ ವಹಿಸಿ ಎಂಬ ಸುತ್ತೋಲೆ ಊರೂರು ಅಲೆದು ನನ್ನ ಕೈಗೆ ಬಂದಾಗ ಒಣಗಿದ ಕೆರೆಯ ಅಂಗಳದಲ್ಲಿ ಹುಡುಗರು ಚಿನ್ನಿದಾಂಡು ಆಡುತ್ತಿದ್ದರು.

ಇಂಥದ್ದಕ್ಕೆ ಯಾರು ಅಷ್ಟು ದೂರ ಏರಿ ನಡೆಯುತ್ತಾರೆ? ಒಂದು ದಿನ ನಂಜುಂಡಪ್ಪನವರೇ ಹೇಳಿದರು.

"ಏ, ಇದಕ್ಕೆಲ್ಲ ಯಾಕೋ ಕಾಲು ಸವೆಸ್ತೀಯ? ನಂದೂ ನೀನೇ ಹಾಕಿ ಕಳಿಸ್ಬಿಡಪ್ಪ."

"ನಿಮ್ಮ ಸಹಿ ನಾನಾ ಮೇಷ್ಟ್ರೇ?"

"ಏನ್ ಮಹಾ. 'ಪ್ಪ' ಬರೆದ ಮೇಲೆ ಕೆಳಗೆ ಎತ್ತಿನ ಬಾಲದ ಹಂಗೆ ಒಂದು ಗೀಟು ಎಳಿ. ಮುಗೀತು."

ಎಳೆದೆ. ಅವರು ಕನ್ನಡಕ ಏರಿಸಿ ನೋಡಿ, "ಥೂ, ನನಗಿಂತ ನಿಂದೇ ಚೆನ್ನಾಗೈತಲ್ಲೋ" ಎಂದು ನಕ್ಕರು. ಆ ಹೊಗಳಿಕೆ ನನ್ನ ತಲೆಗೇರಿತು. ನಮ್ಮ ಕಡೆಯ ಮೇಷ್ಟ್ರುಗಳಲ್ಲಿ ಈ ಪದ್ಧತಿ ಅನೇಕರಿಗಿತ್ತು. ಆದರೆ ನನ್ನಷ್ಟು ಸೊಗಸಾಗಿ ಬಾಲ ಎಳೆಯುವವರು ಯಾರೂ ಇರಲಿಲ್ಲ ಎಂದು ನಾನು ಒಳಗೊಳಗೇ ಉಬ್ಬುತ್ತಿದ್ದೆ.

ನಂಜುಂಡಪ್ಪನವರ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಅಕ್ಕಯಮ್ಮ ಎಂಬ ವಿಧವೆಯ ಉದ್ದನೆಯ ಮನೆಯ ಮುಂಭಾಗದಲ್ಲಿ ನಡೆಯುತ್ತಿತ್ತು. ಹಿಂಭಾಗದಲ್ಲಿ ಆಕೆ ರೇಷ್ಮೆ ಹುಳು ಸಾಕುತ್ತಿದ್ದಳು. ನಡುವೆ ಇದ್ದದ್ದು ಬಿದಿರು ತಟ್ಟಿಯ ಒಂದು ತಡಿಕೆ, ಅಷ್ಟೆ. ಈಚೆ ಮಕ್ಕಳು, ಆಚೆ ಹುಳುಗಳು. ಅಕ್ಕಯಮ್ಮನಿಗೆ ಎರಡರ ಮೇಲೂ ಒಂದೇ ಅಧಿಕಾರ. ರೇಷ್ಮೆ ಹುಳು ಬೆಳೆಯುತ್ತ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನೆ ಕೂತಿರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತ ದಿನ ಆಕೆ ತಡಿಕೆಯ ಸಂದಿಯಿಂದ ಇಣುಕಿ, "ಮೇಷ್ಟ್ರೇ, ಮಗ್ಗಿ ಮೆಲ್ಲಕ್ಕೆ ಹೇಳ್ಸಿ, ಜ್ವರಕ್ಕೆ ಕೂತವ್ರೆ" ಎನ್ನುತ್ತಿದ್ದಳು. ಮಕ್ಕಳು ಪಿಸುಮಾತಿನಲ್ಲಿ ಮಗ್ಗಿ ಹೇಳುತ್ತಿದ್ದವು. ಹುಳುವಿಗೆ ಹೊಗೆಸೊಪ್ಪಿನ ಘಾಟು ಆಗದೆಂದು ನಂಜುಂಡಪ್ಪನವರು ಶಾಲೆಯ ಹೊತ್ತಿನಲ್ಲಿ ನಸ್ಯವನ್ನೇ ಬಿಟ್ಟಿದ್ದರು. ಸೀನು ಬಂದರೂ ಓಡಿಹೋಗಿ ಬೀದಿಯಲ್ಲಿ ಸೀನುತ್ತಿದ್ದರು.

ಇಷ್ಟೆಲ್ಲ ತೊಂದರೆ ತೆಗೆದುಕೊಂಡು ಆಕೆ ಶಾಲೆಗೆ ಜಾಗ ಕೊಟ್ಟದ್ದು ಒಂದೇ ಒಂದು ಕರಾರಿನ ಮೇಲೆ. ಊರಿನ ಹೆಣ್ಣುಮಕ್ಕಳು ಬರಬೇಕು. ಯಾವುದಾದರೂ ಹುಡುಗಿ ಬರದಿದ್ದರೆ ಆ ಮನೆ ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಬೈದು ಕರೆತರುತ್ತಿದ್ದಳು. ನನ್ನ ಶಾಲೆಗೆ ರೇಂಜ್ ಆಫೀಸಿನ ಇನ್ಸ್‌ಪೆಕ್ಟರರು ಕಟ್ಟಿಸಿಕೊಟ್ಟ ಹೆಂಚಿನ ಕಟ್ಟಡವಿತ್ತು, ಹುಡುಗಿಯರಿರಲಿಲ್ಲ. ಅಕ್ಕಯಮ್ಮನ ಮುಂಭಾಗದಲ್ಲಿ ಚಾಪೆಯ ಅರ್ಧ ಭಾಗ ಲಂಗದವರದೇ.

ಇನ್ನು ನನ್ನ ಬೂಟಿನ ವಿಷಯಕ್ಕೆ ಬರಬೇಕು. ಚಿಂತಾಮಣಿಯಲ್ಲಿ ಒಂದು ಹೆಣ್ಣು ನೋಡಲು ಹೋಗುವುದಿತ್ತು. ಅದಕ್ಕಾಗಿ ಚಿಕ್ಕಬಳ್ಳಾಪುರದಲ್ಲಿ ಕಪ್ಪು ಬೂಟು ತಂದಿದ್ದೆ. ಹೊರಡುವ ಹಿಂದಿನ ದಿನ, ಅದನ್ನು ಹಾಕಿಕೊಂಡು ನಡೆದು ರೂಢಿ ಮಾಡಿಕೊಳ್ಳೋಣವೆಂದು ಶಾಲೆಗೂ ಹಾಕಿಕೊಂಡು ಹೋಗಿದ್ದೆ. ಮಕ್ಕಳು ಪಾಠ ಬಿಟ್ಟು ನನ್ನ ಪಾದವನ್ನೇ ನೋಡುತ್ತಿದ್ದರು. ಅಂದೇ ಸುತ್ತೋಲೆ ಬಂತು. ಹಿಂದಿನ ರಾತ್ರಿ ಮಳೆ ಬಿದ್ದು ಕೆರೆ ಏರಿ ಜೇಡಿಮಣ್ಣಿನ ಅಂಟಾಗಿತ್ತು. ಸುತ್ತೋಲೆಯ ಮೇಲ್ಗಡೆ "ಮಲೇರಿಯಾ ನಿವಾರಣೆ: ಶಾಲೆಗಳಿಗೆ ಮಾರ್ಗದರ್ಶನ" ಎಂದಿತ್ತು. ನನಗೆ ಮಲೇರಿಯಾ ಇರಲಿಲ್ಲ. ಬೂಟಿತ್ತು. "ಓದಿದೆ" ಎಂದು ನನ್ನ ಸಹಿ ಹಾಕಿದೆ. ಅದರ ಕೆಳಗೆ "ಓದಿದೆ" ಎಂದು ನಂಜುಂಡಪ್ಪನವರ ಸಹಿ, ಎತ್ತಿನ ಬಾಲದ ಸಮೇತ. ಶಿಡ್ಲಘಟ್ಟಕ್ಕೆ ಹೊರಟಿದ್ದ ಗಾಡಿಯವನ ಕೈಗೆ ಕೊಟ್ಟು, ಆಫೀಸಿಗೆ ಮುಟ್ಟಿಸು ಎಂದೆ.

ಚಿಂತಾಮಣಿಯ ಹೆಣ್ಣು ನನ್ನನ್ನು ಒಪ್ಪಲಿಲ್ಲ. ಬೂಟನ್ನು ಆಕೆಯ ತಮ್ಮ ಬಹಳ ಮೆಚ್ಚಿದ.

ಓದದೆ ಬಿಟ್ಟ ಆ ಹಾಳೆಯ ಕಡೆಯ ಸಾಲಿನಲ್ಲಿ ಹೀಗಿತ್ತು: ಶಾಲಾ ಕಟ್ಟಡದಲ್ಲಾಗಲಿ ಅದಕ್ಕೆ ಹೊಂದಿಕೊಂಡಾಗಲಿ ರೇಷ್ಮೆ ಹುಳು ಸಾಕಣೆ ಇದ್ದಲ್ಲಿ ಮುಖ್ಯೋಪಾಧ್ಯಾಯರು ಕೂಡಲೇ ತಿಳಿಸತಕ್ಕದ್ದು, ತಿಳಿಸದಿದ್ದಲ್ಲಿ ಡಿಡಿಟಿ ಸಿಂಪಡಿಸಲಾಗುವುದು.

ಡಿಡಿಟಿ ಎಂದರೆ ಜನಕ್ಕೆ ಆಗ ಖುಷಿಯೇ. ಸೊಳ್ಳೆಯ ಜೊತೆ ತಿಗಣೆಯೂ ಸಾಯುತ್ತಿತ್ತು. ಆದರೆ ಹುಳು ಸಾಕುವವರು ಆ ಪಂಪಿನವರನ್ನು ಬೀದಿಯ ತುದಿಯಲ್ಲೇ ತಡೆಯುತ್ತಿದ್ದರು. ಗೋಡೆಗೆ ಅಂಟಿದ ಅದರ ಪುಡಿಯೂ ಹುಳುವಿಗೆ ವಿಷ. ಪಂಪಿನವರು ಬಂದದ್ದು ಶಾಲೆಗೆ ರಜೆಯಿದ್ದ ದಿನ. ನಂಜುಂಡಪ್ಪನವರು ಸಂಬಳ ತರಲು ಶಿಡ್ಲಘಟ್ಟಕ್ಕೆ ಹೋಗಿದ್ದರು. ಅಕ್ಕಯಮ್ಮ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ಪಂಪಿನವರ ಕೈಯಲ್ಲಿದ್ದ ಆಫೀಸಿನ ಹಾಳೆಯಲ್ಲಿ ಈ ಶಾಲೆಯಿಂದ ಯಾವ ತಕರಾರೂ ಇರಲಿಲ್ಲ. ಶಾಲೆಯ ಭಾಗಕ್ಕೆ ಮಾತ್ರ, ನೇಮದ ಪ್ರಕಾರ, ಸೂರಿನ ತನಕ ಹೊಡೆದು, ಬಾಗಿಲ ಮೇಲೆ ಕೆಮ್ಮಣ್ಣಿನಲ್ಲಿ ತಾರೀಖು ಬರೆದು ಹೋದರು. ತಡಿಕೆಗೆ ಔಷಧಿ ತಡೆಯುವ ಶಕ್ತಿ ಎಲ್ಲಿಂದ ಬರಬೇಕು?

ನಾನು ಮರುದಿನ ಹೋದೆ. ನಾಲ್ಕನೇ ಜ್ವರದಿಂದ ಎದ್ದು, ಇನ್ನು ಕೆಲವೇ ದಿನಕ್ಕೆ ಗೂಡು ಕಟ್ಟಬೇಕಾಗಿದ್ದ ಹುಳುಗಳು ತಟ್ಟೆ ತುಂಬ ಹಸಿರು ಕಕ್ಕಿಕೊಂಡು ಸುರುಟಿಕೊಂಡಿದ್ದವು. ಅಕ್ಕಯಮ್ಮ ಅಳಲಿಲ್ಲ. ಕರಿಹಲಗೆ, ಚಾಪೆ, ಗಡಿಗೆ, ಒಂದೊಂದನ್ನೇ ತಂದು ಬೀದಿಗಿಟ್ಟಳು.

"ನಿಮ್ಮ ಇಸ್ಕೂಲು ನೀವೇ ಮಡೀಕ್ಕೊಳ್ರಪ್ಪ. ಮಗ್ಗಿ ಮೆಲ್ಲಗೆ ಹೇಳ್ರಿ ಅಂತ ಬೇಡ್ಕೊಂಡು ಸಾಕಿದ್ದೋರು ಇವ್ರು. ಏಮಿ ನಾಯನಾ, ಒಂದು ಮಾತು ಹೇಳಾಕೆ ಆಗಿಲ್ವಾ ನಿಮ್ಗೆ?"

ಆಕೆ ಕೇಳಿದ್ದು ನಂಜುಂಡಪ್ಪನವರನ್ನು. ಅವರು ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಬಾಯಿಂದ ಹೊರಟದ್ದು ಒಂದೇ ಮಾತು, "ನನಗೆ ತಿಳಿದಿರಲಿಲ್ಲ ಕಣಮ್ಮ." ಆ ಮಾತು ನಿಜವೆಂದು ಗೊತ್ತಿದ್ದವನು ನಾನೊಬ್ಬ.

ಇನ್ಸ್‌ಪೆಕ್ಟರರು ವಿಚಾರಣೆಗೆ ಬಂದರು. ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿತ್ತು. ಸುತ್ತೋಲೆಯ ಚೀಟಿಯನ್ನು ನಂಜುಂಡಪ್ಪನವರ ಮುಂದೆ ಹಿಡಿದು, "ತಿಳಿದಿರಲಿಲ್ಲ ಅಂತೀರಲ್ಲ. ಇದು ಯಾರ ಸಹಿ ಮೇಷ್ಟ್ರೇ?" ಎಂದರು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

"ನನ್ನದೇ ಸ್ವಾಮಿ."

ನಾನು ಅವರಿಂದ ಒಂದು ಮಾರು ದೂರದಲ್ಲಿದ್ದೆ. ಬಾಯಿ ತೆರೆದರೆ ಆಗುತ್ತಿತ್ತು. ಹಂಗಾಮಿ ಕೆಲಸ, ಮನೆಯಲ್ಲಿ ಅಮ್ಮ, ಮುಂದೆ ಇನ್ನೊಂದು ಹೆಣ್ಣು ನೋಡುವ ಮಾತು. ಇವೆಲ್ಲ ಒಟ್ಟಿಗೆ ನನ್ನ ನಾಲಿಗೆಯ ಮೇಲೆ ಕೂತವು. ಇವುಗಳನ್ನು ಕಾರಣಗಳೆಂದು ನಾನು ವರ್ಷಗಟ್ಟಲೆ ಹೇಳಿಕೊಂಡೆ. ಈಗ ಹಾಗೆ ಹೇಳುವುದಿಲ್ಲ. ಹೆದರಿದೆ, ಅಷ್ಟೆ.

ನಂಜುಂಡಪ್ಪನವರನ್ನು ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯ ಕಡೆಗೆ ವರ್ಗ ಮಾಡಿದರು. ಅಕ್ಕಯಮ್ಮ ಬಾಗಿಲು ತೆರೆಯಲಿಲ್ಲ. ಶಾಲೆ ಹೊಂಗೆ ಮರದ ಕೆಳಗೆ ನಡೆಯಿತು. ಅಲ್ಲಿಗೆ ಬಂದ ಹೊಸ ಹುಡುಗ ಮೇಷ್ಟ್ರಿಗೆ, ಜಾಗ ಸಿಗದಿದ್ದರೆ ಶಾಲೆಯನ್ನು ನನ್ನ ಶಾಲೆಗೆ ಸೇರಿಸಿಬಿಡುತ್ತೇವೆ ಎಂದು ಆಫೀಸಿನವರು ಹೇಳಿದ್ದರು. ಸೇರಿಸಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಗಂಡುಹುಡುಗರು ಏರಿಯ ಮೇಲೆ ನಡೆದು ಬರುತ್ತಾರೆ. ಹುಡುಗಿಯರನ್ನು ಯಾರೂ ಕಳಿಸುವುದಿಲ್ಲ. ಆಗಲೇ ಮರದ ಕೆಳಗಿನ ಚಾಪೆಯಲ್ಲಿ ಲಂಗಗಳು ಒಂದೊಂದಾಗಿ ಕಡಿಮೆಯಾಗತೊಡಗಿದ್ದವು.

ಅದನ್ನು ನೋಡಲಾರದೆ ನಾನು ತೊಂಡೇಬಾವಿಗೆ ಹೋದೆ. ನಂಜುಂಡಪ್ಪನವರು ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ಕೇಳಿದ ಮೊದಲ ಪ್ರಶ್ನೆ:

"ಏನೋ, ಚಿಂತಾಮಣಿ ಹೆಣ್ಣು ಒಪ್ಪಿದಳೇನೋ?"

"ಇಲ್ಲ ಮೇಷ್ಟ್ರೇ."

"ಅಂಥಾ ಬೂಟು ಇದ್ದೂ?"

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಕಾಲನ್ನು ಬೆಂಚಿನ ಮೇಲೆ ಎಳೆದುಕೊಂಡರು.

"ಏಳೋ, ಜನ ನೋಡ್ತಾರೆ. ನನಗೆ ಗೊತ್ತಿಲ್ವಾ ಅದು ಯಾರ ಬಾಲ ಅಂತ? ಅಷ್ಟು ಚೆನ್ನಾಗಿ ನಾನು ಯಾವತ್ತು ಎಳೆದಿದ್ದೆ?"

"ಮತ್ತೆ ನಿಮ್ಮದು ಅಂದಿರಲ್ಲ..."

"ಹಾಕು ಅಂದೋನು ನಾನು ತಾನೇ? ಹಾಲಿನ ಪುಡಿ ಕಾಗದಕ್ಕೆ ನಂದು, ಸಸಿ ಕಾಗದಕ್ಕೆ ನಂದು, ಹುಳು ಸತ್ತ ಕಾಗದಕ್ಕೆ ಮಾತ್ರ ನಂದಲ್ಲ ಅಂದ್ರೆ ನಾಲಿಗೆ ಹೆಂಗೆ ತಿರುಗ್ತದೋ?" ಎಂದು ನಸ್ಯದ ಡಬ್ಬಿ ತೆಗೆದರು. "ಹಂಗಂತ ನಿನ್ನ ಬಿಟ್ಟುಬಿಟ್ಟೆ ಅಂದ್ಕೋಬೇಡ. ಈ ವಯಸ್ಸಲ್ಲಿ ಒಬ್ಬನೇ ಬೇಯಿಸ್ಕೊಂಡು ತಿಂತಾ ಇದೀನಿ. ಒಲೆ ಹೊತ್ತದೆ ಹೋದಾಗೆಲ್ಲ ನಿನ್ನನ್ನೇ ಬೈಯೋದು." ಒಂದು ಚಿಟಿಕೆ ಏರಿಸಿ, ಅಲ್ಲೇ ಕೂತು ಗಟ್ಟಿಯಾಗಿ ಸೀನಿದರು. "ನೋಡು, ಇಲ್ಲಿ ಆರಾಮು. ಹುಳು ಇಲ್ಲ."

ಡಬ್ಬಿ ಮುಚ್ಚಿ ಮತ್ತೆ ಹೇಳಿದರು.

"ನನ್ನ ಹತ್ರ ಯಾಕೆ ಬಂದೆ? ಹುಳು ನಂದಾ? ಆಯಮ್ಮನ ಹತ್ರ ಹೋಗು."

ಆಫೀಸಿಗೆ ಬರೆಯಲೇ ಎಂದು ಕೇಳಿದೆ. ಅವರು ಹಳಿಯನ್ನೇ ನೋಡುತ್ತಿದ್ದರು. ಬರಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆ ಮೌನವನ್ನು ನಾನು ನನಗೆ ಅನುಕೂಲವಾಗುವ ಹಾಗೆ ಓದಿಕೊಂಡೆ.

ಅಕ್ಕಯಮ್ಮನ ತೋಟಕ್ಕೆ ಬರಿಗಾಲಲ್ಲಿ ಹೋದೆ. ಆಕೆ ಹೊಸ ಬೆಳೆಗೆ ಸೊಪ್ಪು ಕೊಯ್ಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಕೈ ನಿಲ್ಲಿಸದೆ ಕೇಳಿದಳು. ಬೂಟಿನ ಮಾತು ಬಂದಾಗ ಮಾತ್ರ ಕೈ ನಿಂತಿತು.

"ಕೆಸರಾಗ್ತದೆ ಅಂತಾನಾ?"

"ಹೂಂ."

"ಬೂಟು ಕೆಸರಾಗ್ತದೆ ಅಂತ ನನ್ನ ಮನೆ ಬರಿದು ಮಾಡ್ದೆ. ಆ ದೇವರಂಥ ಮನುಷ್ಯನ್ನ ಊರು ಬಿಡಿಸ್ದೆ. ನಾನೂ ಆತನ್ನ ಬೈದ್ನಲ್ಲೋ, ನಿನ್ನ ಬಾಯಿಗೆ ಮಣ್ಣು ಹಾಕ!"

ಬೈಗುಳ ತೆಲುಗಿಗೆ ತಿರುಗಿತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕಡೆಗೆ ಸೊಪ್ಪಿನ ಕುಕ್ಕೆಯನ್ನು ನನ್ನ ತಲೆಯ ಮೇಲಿಟ್ಟು, "ನಡಿ" ಎಂದಳು. ಮನೆಯ ತನಕ ಹೊತ್ತುಕೊಂಡು ಹೋದೆ. ಬಾಗಿಲಲ್ಲಿ ಇಳಿಸಿಕೊಂಡು ಹೇಳಿದಳು:

"ಆ ಕಡೆ ಪಕ್ಕದ ಕೊಟ್ಟಿಗೆ ಐತೆ. ಇಸ್ಕೂಲು ಅಲ್ಲಿಗೆ ಬರ್ಲಿ. ಹೆಣ್ಣುಮಕ್ಕಳು ಏನು ತಪ್ಪು ಮಾಡವ್ರೆ? ಆದ್ರೆ ಒಂದು ಕೇಳ್ಕೋ. ಸರ್ಕಾರದ ಕಾಗದ ಏನೇ ಬರ್ಲಿ, ನೀನೇ ಏರಿ ಮೇಲೆ ನಡ್ಕೊಂಡು ಬಂದು, ಈ ಜಗಲಿ ಮೇಲೆ ನಿಂತು, ಎಲ್ಲಾರ್ಗೂ ಕೇಳೋ ಹಂಗೆ ಓದ್ಬೇಕು. ಕಡೇ ಸಾಲಿಂದ ಓದು. ಕುತ್ತಿಗೆ ಕುಯ್ಯೋ ಮಾತು ಅವ್ರು ಕಡೇಗೇ ಬರಿಯೋದು. ನಾನು 'ಕೇಳಿಸ್ತು' ಅಂದ್ಮೇಲೆ ನಿನ್ನ ಸಹಿ ಹಾಕೋ."

ಹಾಗೇ ಓದಿದೆ. ಪೆರೇಸಂದ್ರದ ಕಡೆಗೆ ನನಗೆ ವರ್ಗವಾಗುವ ತನಕ, ಮಳೆಯಲ್ಲಿ, ಬಿಸಿಲಲ್ಲಿ, ಏರಿ ನಡೆದು ಓದಿದೆ. ಕಡೆಯ ಸಾಲು ಮೊದಲು, ಆಮೇಲೆ ಮೇಲಿನದು. ಗೊತ್ತಾಗದವರಿಗೆ ತೆಲುಗಿನಲ್ಲಿ ಇನ್ನೊಮ್ಮೆ. ಸೀಮೆಸುಣ್ಣ ಮಿತವಾಗಿ ಬಳಸಿ ಎಂದರೆ ಜಗಲಿಯೆಲ್ಲ ನಗುತ್ತಿತ್ತು. "ಮೇಷ್ಟ್ರೇ, ಮೊದ್ಲು ಸೀಮೆಸುಣ್ಣ ಕಳಿಸಕ್ಕೆ ಹೇಳ್ರಿ" ಎಂದು ಯಾರೋ ಕೂಗುತ್ತಿದ್ದರು. ಅಕ್ಕಯಮ್ಮ ನಗುತ್ತಿರಲಿಲ್ಲ. ಪೂರ್ತಿ ಕೇಳಿ, "ಕೇಳಿಸ್ತು" ಎನ್ನುತ್ತಿದ್ದಳು. ಕ್ಷಮಿಸಿದೆ ಎಂದು ಆಕೆ ಯಾವತ್ತೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೊಟ್ಟಿಗೆಯಲ್ಲಿ ಹುಡುಗಿಯರ ಮಗ್ಗಿ ಕೇಳಿಸುತ್ತಿತ್ತು, ಈಗ ಗಟ್ಟಿಯಾಗಿ.

ಮುಂದೆ ನಾನು ಎಷ್ಟೋ ಊರುಗಳಲ್ಲಿ ಕೆಲಸ ಮಾಡಿದೆ. ಎಲ್ಲಿಯೂ ಓದದ ಕಾಗದಕ್ಕೆ ಸಹಿ ಹಾಕಲಿಲ್ಲ. ಇದನ್ನು ಎದೆ ತಟ್ಟಿ ಹೇಳಬಲ್ಲೆ. ತಟ್ಟಲಾರದ್ದು ಇನ್ನೊಂದಿದೆ. ಆಫೀಸಿಗೆ ನಾನು ಬರೆಯಲೇ ಇಲ್ಲ. ನಂಜುಂಡಪ್ಪನವರು ಆ ಕಪ್ಪು ಗುರುತನ್ನು ಹೊತ್ತುಕೊಂಡೇ ತೊಂಡೇಬಾವಿಯಲ್ಲಿ ನಿವೃತ್ತರಾದರು. ಆ ಕೆರೆಯ ದಡಕ್ಕೆ ಮರಳಿ ಬರಲಿಲ್ಲ. ಆ ಆಫೀಸೂ ಇಲ್ಲ, ಆ ಇನ್ಸ್‌ಪೆಕ್ಟರರೂ ಇಲ್ಲ. ಓದುತ್ತಿರುವ ನೀವಿದ್ದೀರಿ. ಆದ್ದರಿಂದ ನಿಮ್ಮೆದುರು ಹೇಳುತ್ತೇನೆ: ಆ ಸಹಿ ಅವರದಲ್ಲ, ನನ್ನದು.

"ಒತ್ತಿದ್ರಾ ಮಾವ?" ಸೊಸೆ ರೊಟ್ಟಿ ಮಗುಚುತ್ತ ಕೇಳಿದಳು.

"ಇಲ್ಲಮ್ಮ. ಓದ್ತೀನಿ ಕೇಳು."

"ಅಯ್ಯೋ, ಅದೇನಿರುತ್ತೆ ಬಿಡಿ. ಯೂನಿಫಾರ್ಮು, ಫೀಸು..."

ಕನ್ನಡಕ ಹಾಕಿಕೊಂಡು, ಬರಹವನ್ನು ತಳದ ತನಕ ಸರಿಸಿ, ಕಡೆಯ ಸಾಲಿನಿಂದ ಓದಿದೆ. "ಉಬ್ಬಸದ ತೊಂದರೆ ಇರುವ ಮಕ್ಕಳನ್ನು ಅಂದು ಶಾಲೆಗೆ ಕಳುಹಿಸಬಾರದು." ಆಮೇಲೆ ಮೇಲಿನದು: ಶನಿವಾರ ಬೆಳಿಗ್ಗೆ ಶಾಲೆಯ ಕೊಠಡಿಗಳಲ್ಲಿ, ಅಂಗಳದಲ್ಲಿ ಸೊಳ್ಳೆ ಹೊಗೆ ಹಾಕುತ್ತಾರೆ.

ಅವಳು ಒಲೆ ಆರಿಸಿದಳು. ನಡುಮನೆಯಲ್ಲಿ ನನ್ನ ಮೊಮ್ಮಗಳು ಬಣ್ಣ ಬಳಿಯುತ್ತ ಕೂತಿದ್ದಳು. ಚಳಿಗಾಲ ಪೂರ್ತಿ ಎದೆ ಗೊರಗುಟ್ಟಿಕೊಂಡು, ಈಗ ತಾನೇ ಸುಧಾರಿಸಿಕೊಂಡಿರುವ ಮಗು.

"ಇನ್ನೊಂದ್ಸಲ ಓದಿ ಮಾವ."

ಇನ್ನೊಂದು ಸಲ ಓದಿದೆ, ಜಗಲಿಯ ಮೇಲೆ ನಿಂತವನ ದನಿಯಲ್ಲಿ. ಮೊಮ್ಮಗಳು ತಲೆಯೆತ್ತಿ, "ತಾತ ಯಾಕೆ ಕಿರುಚ್ತಿದ್ದಾರೆ?" ಎಂದಳು.

"ಕೇಳಿಸ್ತು ಮಾವ," ಎಂದಳು ಸೊಸೆ ಮೆಲ್ಲಗೆ. "ಒತ್ತಿ ಈಗ."

ನಾನು ಫೋನನ್ನು ಅವಳ ಮುಂದೆ ಹಿಡಿದೆ. "ಹಿಟ್ಟಾದರೆ ಒರೆಸಿದರಾಯಿತು. ನಿಂದು ನೀನೇ ಒತ್ತಮ್ಮ."

ಅವಳು ನನ್ನ ಮುಖ ನೋಡಿದಳು, ನಕ್ಕಳು, ಒತ್ತಿದಳು. ಗಾಜಿನ ಮೇಲೆ ರಾಗಿ ಹಿಟ್ಟಿನ ದುಂಡು ಗುರುತು ಮೂಡಿತು, ಬೆರಳಿನ ಗೆರೆಗಳ ಸಮೇತ. ಅದನ್ನು ನಾನು ಒರೆಸಲಿಲ್ಲ.